ರಾತ್ರಿ ಎರಡು ಗಂಟೆಗೆ ಹುಟ್ಟಿದ ಯೂಸರ್ ಯಾರ ಮನೆಯವನು?

ಆರಿದ್ರಾ ಮಳೆ ಹಿಡಿದು ಕೂತಿದೆ. ಕರೆಂಟು ಇದ್ದಾಗ ನೆಟ್ ಇಲ್ಲ, ನೆಟ್ ಬಂದಾಗ ಕರೆಂಟಿಲ್ಲ. ಹಾಗಾಗಿ ಈ ಸಲದ ಉತ್ತರಗಳನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಟೈಪ್ ಮಾಡಿದ್ದೇನೆ. ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಕ್ಲೌಡ್‌ನಲ್ಲಿ ನಮಗೆ ಗೊತ್ತಿಲ್ಲದ ಅಕೌಂಟ್ ಹುಟ್ಟಿಕೊಂಡರೆ ಹೇಗೆ ಗೊತ್ತಾಗೋದು, ಗೊತ್ತಾದ ಮೇಲೆ ಏನು ಮಾಡೋದು. ಸರಿ, ಈ ಸಂಚಿಕೆ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನಮ್ಮದು ವಿನೋಬನಗರದಲ್ಲಿ ಚಿಕ್ಕ ಆಫೀಸು, ಐದು ಜನ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀವಿ. ಅದು ಅಮೆಜಾನ್ ಕ್ಲೌಡ್‌ನಲ್ಲಿ ಓಡುತ್ತೆ. ಸೋಮವಾರ ಬೆಳಿಗ್ಗೆ ಯೂಸರ್ ಪಟ್ಟಿ ನೋಡಿದರೆ 'ಬ್ಯಾಕಪ್-ಎಸ್‌ವಿಸಿ' ಅಂತ ಒಂದು ಹೊಸ ಹೆಸರು. ನಾವ್ಯಾರೂ ಮಾಡಿದ್ದಲ್ಲ. ಲಾಗ್‌ನಲ್ಲಿ ಹುಡುಕಿದರೆ ಏನೂ ಸಿಗ್ತಿಲ್ಲ. ಬಾಸ್ ಈಗಲೇ ಡಿಲೀಟ್ ಮಾಡು ಅಂತಾರೆ. ಮಾಡಲಾ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಇಂಥ ಪ್ರಶ್ನೆ ಅಚ್ಚಾಗುವ ತನಕ ಕಾಯೋದಿಲ್ಲ. ಓದಿದ ಕೂಡಲೇ ಇವರಿಗೆ ಫೋನ್ ಮಾಡಿದೆ. ಆಗ ಮಾತಾಡಿದ್ದನ್ನೇ ಉಳಿದವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಡಿಲೀಟ್ ಮಾಡಬೇಡಿ, ಕಟ್ಟಿಹಾಕಿ. ತೋಟಕ್ಕೆ ನುಗ್ಗಿದ ದನವನ್ನು ಹೊಡೆದು ಓಡಿಸಿದರೆ ಅದು ಯಾರ ಮನೆಯದು, ಬೇಲಿ ಎಲ್ಲಿ ಮುರಿದಿದೆ ಅನ್ನೋದು ತಿಳಿಯೋದೇ ಇಲ್ಲ. ನಾಳೆ ಅದೇ ಕಿಂಡಿಯಲ್ಲಿ ಮತ್ತೆ ಬರುತ್ತೆ. ಆ ಯೂಸರ್‌ನ ಕೀಗಳನ್ನು, ಅಂದರೆ ಪ್ರೋಗ್ರಾಂಗಳು ಒಳಗೆ ಬರೋಕೆ ಬಳಸುವ ಗುಟ್ಟಿನ ಅಕ್ಷರಗಳನ್ನು, 'ಇನ್‌ಆಕ್ಟಿವ್' ಮಾಡಿ. ಕನ್ಸೋಲ್, ಅಂದರೆ ಬ್ರೌಸರ್‌ನಲ್ಲಿ ತೆರೆಯುವ ಅಮೆಜಾನ್ ಪುಟ, ಅದರ ಪಾಸ್‌ವರ್ಡ್ ತೆಗೆಯಿರಿ. ಆಮೇಲೆ 'ಎಡಬ್ಲ್ಯೂಎಸ್ ಡಿನೈ ಆಲ್' ಅಂತ ಅಮೆಜಾನ್‌ನವರೇ ಮಾಡಿಟ್ಟ ಪಾಲಿಸಿ ಇದೆ (ಪಾಲಿಸಿ ಅಂದರೆ ಯಾರು ಏನು ಮಾಡಬಹುದು ಅನ್ನುವ ಅನುಮತಿ ಚೀಟಿ, ಇದು ಎಲ್ಲಕ್ಕೂ ಇಲ್ಲ ಅನ್ನುತ್ತೆ), ಅದನ್ನು ಅವನ ಮೇಲೆ ಹಾಕಿ. ಕೀ ಮುಚ್ಚಿದ ಮೇಲೆ ಈ ಪಾಲಿಸಿ ಯಾಕೆ ಅಂತ ಕೇಳಬಹುದು. ಆ ಕೀ ಇಟ್ಟುಕೊಂಡು 'ಗೆಟ್ ಫೆಡರೇಶನ್ ಟೋಕನ್' ಅನ್ನೋ ಕರೆಯಿಂದ ಮೊದಲೇ ಒಂದು ತಾತ್ಕಾಲಿಕ ಪಾಸ್ ತೆಗೆದುಕೊಂಡಿದ್ದರೆ, ಕೀ ಮುಚ್ಚಿದರೂ ಆ ಪಾಸ್ 36 ಗಂಟೆ ತನಕ ನಡೆಯಬಹುದು. ಪಾಲಿಸಿ ಹಾಕಿದರೆ ಅದೂ ನಿಲ್ಲುತ್ತೆ.

ಈಗ ಲಾಗ್‌ನಲ್ಲಿ ಯಾಕೆ ಸಿಗಲಿಲ್ಲ ಅನ್ನೋದು. ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಮೇಲೆ ಬಲಗಡೆ ಮೂಲೆಯಲ್ಲಿ ಯಾವ ರೀಜನ್ ಇದೆ ನೋಡಿ." ರೀಜನ್ ಅಂದರೆ ಅಮೆಜಾನ್‌ನ ಸರ್ವರ್‌ಗಳಿರುವ ಪ್ರದೇಶ. "ಮುಂಬೈ ಮೇಡಂ, ನಮ್ಮ ಸರ್ವರ್ ಎಲ್ಲಾ ಅಲ್ಲೇ ಇರೋದು." ಅಲ್ಲೇ ಇರೋದು ಎಡವಟ್ಟು. ಸರ್ವರ್ ಮುಂಬೈಯಲ್ಲಿರಬಹುದು, ಆದರೆ ಯೂಸರ್ ಮಾಡುವುದು, ಕೀ ಕೊಡುವುದು, ಪಾಲಿಸಿ ಹಚ್ಚುವುದು ಇವೆಲ್ಲ ಐಎಎಂ ಅನ್ನುವ ಸೇವೆಯ ಕೆಲಸ. ಅದು ಇಡೀ ಜಗತ್ತಿಗೆ ಒಂದೇ. ಅದರ ದಾಖಲೆ ಬೀಳೋದು ಅಮೆರಿಕದ ನಾರ್ತ್ ವರ್ಜೀನಿಯಾ ರೀಜನ್‌ನಲ್ಲಿ. ಮುಂಬೈ ಇಟ್ಟುಕೊಂಡು ಕ್ಲೌಡ್‌ಟ್ರೇಲ್‌ನ (ಯಾರು ಯಾವಾಗ ಏನು ಮಾಡಿದರು ಅಂತ ಬರೆದಿಡುವ ಅಮೆಜಾನ್ ಸೇವೆ) ಇವೆಂಟ್ ಹಿಸ್ಟರಿಯಲ್ಲಿ ಇವನ್ನು ಹುಡುಕಿದರೆ ಖಾಲಿ. ಖಾಲಿ ನೋಡಿ "ಏನೂ ಆಗಿಲ್ಲ" ಅಂದುಕೊಂಡು ಟೀ ಕುಡಿಯೋಕೆ ಹೋದವರನ್ನು ನಾನು ಒಬ್ಬರಿಗಿಂತ ಜಾಸ್ತಿ ನೋಡಿದ್ದೇನೆ. ರೀಜನ್ ಬದಲಿಸಿ, ಇವೆಂಟ್ ನೇಮ್ ಜಾಗದಲ್ಲಿ 'ಕ್ರಿಯೇಟ್ ಯೂಸರ್' ಅಂತ ಒಟ್ಟಿಗೆ, ಜಾಗ ಬಿಡದೆ ಹಾಕಿ ಅಂದೆ. ತಕ್ಷಣ ಸಿಕ್ಕಿತು.

ಆದರೆ ಇವರು ಅದನ್ನು ಓದಿದ್ದು ಹೀಗೆ, "ಭಾನುವಾರ ಸಂಜೆ 8:41ಕ್ಕೆ ಆಗಿದೆ ಮೇಡಂ, ಆಗ ನಮ್ಮ ಹುಡುಗನೊಬ್ಬ ಆಫೀಸಲ್ಲಿದ್ದ." ಆ ಹುಡುಗನ ಗ್ರಹಚಾರ ಚೆನ್ನಾಗಿತ್ತು, ಅವನನ್ನು ಕರೆದು ಬೈಯುವ ಮುಂಚೆ ನನ್ನ ಹತ್ತಿರ ಮಾತಾಡಿದರು. ಇವರು ಪೂರ್ತಿ ದಾಖಲೆ ಬಿಡಿಸಿ ನೋಡುತ್ತಿದ್ದರು. ಅದರಲ್ಲಿ 20:41 ಅಂತಿದ್ದು ಕೊನೆಗೆ ಒಂದು ಜೆಡ್ ಅಕ್ಷರ ಇತ್ತು. ಜೆಡ್ ಅಂದರೆ ಯುಟಿಸಿ, ಜಗತ್ತಿಗೆಲ್ಲ ಒಂದೇ ಅಳತೆಯ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿಗೆ ಭಾನುವಾರ ಸಂಜೆ ಅಲ್ಲ, ಸೋಮವಾರ ಬೆಳಗಿನ ಜಾವ 2:11. ಆ ಹುಡುಗ ಆ ಹೊತ್ತಿಗೆ ಸಾಗರದ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ.

ಇಲ್ಲಿಗೆ ಬರೀ ಒಂದು ಸಾಲು ಸಿಕ್ಕಂತಾಯಿತು. ಒಂದು ಸಾಲಿನಿಂದ ಏನೂ ಹೇಳೋಕಾಗಲ್ಲ. ಮಂಡಿಯ ಆವಕ ಪುಸ್ತಕದಲ್ಲಿ "ರಾಶಿ ಇಡಿ, 4 ಮೂಟೆ" ಅಂತ ಬರೆದಿದ್ದರೆ ಅದು ಕದ್ದ ಮಾಲೋ ಸ್ವಂತ ತೋಟದ್ದೋ ಅಂತ ಆ ಸಾಲೊಂದೇ ಹೇಳುತ್ತಾ? ತಂದವರು ಯಾರು, ಯಾವ ಗಾಡಿ, ಎಷ್ಟು ಹೊತ್ತಿಗೆ, ತೂಕ ಆದ ಕೂಡಲೇ ದುಡ್ಡು ತೆಗೆದುಕೊಂಡು ಓಡಿದರಾ ಇಲ್ಲಾ ಯಾವಾಗಿನ ಹಾಗೆ ಗುಮಾಸ್ತರ ಹತ್ತಿರ ಮಳೆ ಬೆಳೆ ಮಾತಾಡುತ್ತಾ ಕೂತರಾ, ಅದನ್ನೆಲ್ಲ ಸೇರಿಸಿ ನೋಡಬೇಕು. ಲಾಗೂ ಹಾಗೇ. ಯೂಸರ್ ಹುಟ್ಟಿದ ಸಾಲಿನ ಹಿಂದೆ ಹತ್ತು ನಿಮಿಷ, ಮುಂದೆ ಹತ್ತು ನಿಮಿಷ ಓದಬೇಕು.

ಇವರು ಕಳಿಸಿದ ಸಾಲುಗಳನ್ನು ನಮ್ಮ ಸಮಯಕ್ಕೆ ತಿರುಗಿಸಿ ಬರೆಯುತ್ತೇನೆ. 2:08ಕ್ಕೆ 'ಗೆಟ್ ಕಾಲರ್ ಐಡೆಂಟಿಟಿ'. ಅಂದರೆ "ನಾನು ಯಾರು?" ಅಂತ ಕೇಳೋದು. ಈ ಕರೆಗೆ ಯಾವ ಅನುಮತಿಯೂ ಬೇಕಿಲ್ಲ. ಸಿಕ್ಕಿದ ಕೀ ಇನ್ನೂ ಜೀವಂತ ಇದೆಯಾ, ಯಾರದ್ದು ಅಂತ ನೋಡೋಕೆ ಕಳ್ಳರು ಮೊದಲು ಒತ್ತುವ ಗುಂಡಿ ಸಾಮಾನ್ಯವಾಗಿ ಇದೇ. ನಿಜವಾದ ಪ್ರೋಗ್ರಾಂಗಳೂ ಇದನ್ನು ಕರೆಯುತ್ತವೆ, ಹಾಗಾಗಿ ಇದೊಂದನ್ನೇ ಹಿಡಿದು ಗಾಬರಿ ಬೀಳಬೇಡಿ. 2:09ಕ್ಕೆ ಯೂಸರ್ ಪಟ್ಟಿ, ಸ್ಟೋರೇಜ್ ಬಕೆಟ್‌ಗಳ (ಫೈಲ್ ಇಡುವ ಜಾಗ) ಪಟ್ಟಿ. 2:11ಕ್ಕೆ ಹೊಸ ಯೂಸರ್. ಅದೇ ನಿಮಿಷದಲ್ಲಿ ಅವನಿಗೆ 'ಅಡ್ಮಿನಿಸ್ಟ್ರೇಟರ್ ಆಕ್ಸೆಸ್' ಪಾಲಿಸಿ. 2:12ಕ್ಕೆ 'ಕ್ರಿಯೇಟ್ ಲಾಗಿನ್ ಪ್ರೊಫೈಲ್', ಅಂದರೆ ಕನ್ಸೋಲ್‌ಗೆ ಕೈಯಿಂದ ಲಾಗಿನ್ ಆಗೋಕೆ ಪಾಸ್‌ವರ್ಡ್. ಅದರ ಬೆನ್ನಿಗೇ 'ಕ್ರಿಯೇಟ್ ಆಕ್ಸೆಸ್ ಕೀ'. 2:20ಕ್ಕೆ ಆ ಹೊಸ ಯೂಸರ್ ಕನ್ಸೋಲ್‌ಗೆ ಲಾಗಿನ್, ಅದರಲ್ಲಿ 'ಎಂಎಫ್‌ಎ ಯೂಸ್ಡ್: ನೋ', ಅಂದರೆ ಪಾಸ್‌ವರ್ಡ್ ಬಿಟ್ಟು ಓಟಿಪಿಯಂಥ ಎರಡನೇ ಪರೀಕ್ಷೆ ಇರಲಿಲ್ಲ.

ನೋಡಿ, ಬ್ಯಾಕಪ್ ಅಂತ ಹೆಸರಿಟ್ಟುಕೊಂಡವನು ಬ್ಯಾಕಪ್ ತೆಗೆಯುವ ಒಂದು ಕೆಲಸವನ್ನೂ ಮಾಡಿಲ್ಲ. ಮೆಷಿನ್ ಕೆಲಸಕ್ಕೆ ಅಂತ ಹುಟ್ಟಿದವನಿಗೆ ಪಾಸ್‌ವರ್ಡ್ ಯಾಕೆ ಬೇಕು? ಬ್ಯಾಕಪ್‌ಗೆ ಪೂರ್ತಿ ಅಡ್ಮಿನ್ ಅಧಿಕಾರ ಯಾಕೆ? ನನಗೆ ಅನುಮಾನ ಗಟ್ಟಿಯಾದದ್ದು ರಾತ್ರಿ ಎರಡು ಗಂಟೆ ಅನ್ನೋದರಿಂದ ಅಲ್ಲ, ಇದರಿಂದ.

ಇನ್ನು ಇದನ್ನೆಲ್ಲ ಮಾಡಿದ್ದು ಯಾರ ಹೆಸರಲ್ಲಿ ಅಂತ ನೋಡಬೇಕು. ಪ್ರತಿ ದಾಖಲೆಯಲ್ಲೂ 'ಯೂಸರ್ ಐಡೆಂಟಿಟಿ' ಅಂತ ಒಂದು ಭಾಗ ಇರುತ್ತದೆ. ಅಲ್ಲಿ ಇವರದ್ದೇ 'ಡಿಪ್ಲಾಯ್' ಯೂಸರ್ ಇದ್ದ, ಅಂದರೆ ಹೊಸ ಕೋಡನ್ನು ಕ್ಲೌಡ್‌ಗೆ ಏರಿಸೋಕೆ ಇಟ್ಟವನು. ಅವನ ಕೀ ಎಕೆಐಎ ಅಂತ ಶುರುವಾಗುತ್ತೆ. ಎಕೆಐಎ ಅಂದರೆ ಕಾಯಂ ಕೀ, ಯಾರಾದರೂ ಮುಚ್ಚುವ ತನಕ ನಡೆಯುತ್ತಲೇ ಇರುತ್ತದೆ. ಎಎಸ್‌ಐಎ ಅಂತ ಶುರುವಾದರೆ ತಾತ್ಕಾಲಿಕದ್ದು. ಐಪಿ ವಿಳಾಸ ಆಫೀಸಿನದ್ದಲ್ಲ, ಯಾರ ಮನೆ ನೆಟ್‌ನದ್ದೂ ಅಲ್ಲ. 'ಯೂಸರ್ ಏಜೆಂಟ್' ಅನ್ನುವ ಸಾಲಿನಲ್ಲಿ ಬೋಟೊ3 ಅಂತ ಇತ್ತು, ಅಂದರೆ ಪೈಥಾನ್ ಸ್ಕ್ರಿಪ್ಟ್. ಇವರು ಡಿಪ್ಲಾಯ್ ಮಾಡೋದು ಯಾವತ್ತೂ ಟೆರಾಫಾರ್ಮ್ ಅನ್ನುವ ಬೇರೆ ಸಾಧನದಿಂದ. ಡ್ರೈವರ್ ಬೇರೆ, ಗಾಡಿ ಮಾತ್ರ ನಿಮ್ಮದು ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಹಾಗಾಗಿ ಬೇಲಿ ಮುರಿದದ್ದು 'ಡಿಪ್ಲಾಯ್' ಕೀಯಲ್ಲಿ. ಬ್ಯಾಕಪ್ ಯೂಸರ್‌ನನ್ನು ಸುಮ್ನೆ ಡಿಲೀಟ್ ಮಾಡಿ ಕೂತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅವನು ಅದೇ ಕೀಯಿಂದ ಸಂಜೆಗೆ ಇನ್ನೊಬ್ಬನನ್ನು ಹುಟ್ಟಿಸುತ್ತಿದ್ದ. ಡಿಪ್ಲಾಯ್‌ಗೂ ಅದೇ ಮದ್ದು ಮಾಡಿಸಿದೆ. ಕೀ ಮುಚ್ಚಿ, ಡಿನೈ ಹಾಕಿ. ಎರಡು ದಿನ ಡಿಪ್ಲಾಯ್ ನಿಂತರೆ ನಿಲ್ಲಲಿ.

ಆಮೇಲೆ ಎಲ್ಲ ರೀಜನ್‌ಗಳನ್ನೂ ಒಂದು ಸುತ್ತು ನೋಡಿ. ನೀವು ಕೆಲಸ ಮಾಡೋದು ಮುಂಬೈಯಲ್ಲಿ ಮಾತ್ರ, ಆದರೆ ಅವನು ಸ್ಟಾಕ್‌ಹೋಮ್‌ನಲ್ಲೋ ಸಾವೊ ಪಾಲೊದಲ್ಲೋ ದೊಡ್ಡ ಮೆಷಿನ್ ಎಬ್ಬಿಸಿ ಕ್ರಿಪ್ಟೊ ಗಣಿಗಾರಿಕೆಗೆ ಬಿಡಬಹುದು. ಬಿಲ್ ಬರೋದು ಮಾತ್ರ ವಿನೋಬನಗರಕ್ಕೆ. ಹಳೆ ಯೂಸರ್‌ಗಳಿಗೆ ಹೊಸ ಕೀ ಹುಟ್ಟಿದೆಯಾ, ಯಾವುದಾದರೂ ರೋಲ್‌ಗೆ (ಬೇಕಾದಾಗ ಹಾಕಿಕೊಳ್ಳುವ ಅಧಿಕಾರದ ವೇಷ) ಹೊರಗಿನ ಅಕೌಂಟನ್ನು ನಂಬು ಅಂತ ಬರೆದಿದ್ದಾರಾ, ಅಂದರೆ 'ಅಪ್‌ಡೇಟ್ ಅಸ್ಯೂಮ್ ರೋಲ್ ಪಾಲಿಸಿ' ಅನ್ನುವ ಸಾಲು ಇದೆಯಾ, ಇದನ್ನೂ ನೋಡಬೇಕು.

ದೂರು ಕೊಡೋದಕ್ಕೆ ಬಾಸ್ ಹಿಂಜರಿದರಂತೆ, ಮರ್ಯಾದೆ ಪ್ರಶ್ನೆ ಅಂತ. ಸರ್ಟ್-ಇನ್, ಅಂದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಅಂದುಕೊಳ್ಳಬೇಡಿ. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಠಾಣೆಯಲ್ಲೂ ದೂರು ಬರೆಸಿ. ಲಾಗ್‌ನ ಪ್ರತಿ ಜೊತೆಗಿಟ್ಟುಕೊಂಡು ಹೋಗಿ, ಸ್ಕ್ರೀನ್‌ಶಾಟ್ ಅಲ್ಲ, ಡೌನ್‌ಲೋಡ್ ಮಾಡಿದ ಫೈಲ್.

ಪ್ರಶ್ನೆ: ಮೇಡಂ, ನಮ್ಮ ಲಾಗ್‌ನಲ್ಲಿ 'ಹಿಡನ್ ಡ್ಯೂ ಟು ಸೆಕ್ಯುರಿಟಿ ರೀಸನ್ಸ್' ಅನ್ನೋ ಹೆಸರಿನ ಯೂಸರ್ ಲಾಗಿನ್ ಆಗೋಕೆ ನೋಡ್ತಿದ್ದಾನೆ. ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಅಡಗಿ ಕೂತಿರೋ ಅಕೌಂಟಾ ಇದು?
— ಒಬ್ಬ ಓದುಗ, ಭದ್ರಾವತಿ

ಉತ್ತರ: ಅಲ್ಲ, ಗಾಬರಿ ಬೇಡ. ನಕ್ಕೆ ಅಂತ ಬೇಜಾರೂ ಬೇಡ, ಮೊದಲ ಸಲ ನೋಡಿದಾಗ ನಾನೂ ಹೆದರಿದ್ದೆ. ಇಲ್ಲದ ಯೂಸರ್ ಹೆಸರು ಹಾಕಿ ಯಾರಾದರೂ ಲಾಗಿನ್ ಆಗೋಕೆ ಹೋಗಿ ತಪ್ಪಿದರೆ ಅಮೆಜಾನ್ ಆ ಹೆಸರನ್ನು ಲಾಗ್‌ನಲ್ಲಿ ಬರೆಯುವುದಿಲ್ಲ, ಅದರ ಬದಲು ಈ ಮಾತು ಹಾಕುತ್ತದೆ. ಜನ ಗಡಿಬಿಡಿಯಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಹೊಡೆದುಬಿಡ್ತಾರೆ ಅಲ್ವಾ, ಅದು ಲಾಗ್‌ನಲ್ಲಿ ಕೂರಬಾರದು ಅಂತ. ದಿನಕ್ಕೊಂದು ಬಂದರೆ ನಿಮ್ಮವರದ್ದೇ ಬೆರಳು ತಪ್ಪು. ಒಂದೇ ಐಪಿಯಿಂದ ಒಂದು ಗಂಟೆಯಲ್ಲಿ ನೂರು ಬಂದರೆ ಯಾರೋ ಹೆಸರುಗಳನ್ನು ಊಹೆ ಮಾಡಿ ಬಾಗಿಲು ತಟ್ಟುತ್ತಿದ್ದಾರೆ.

ಪ್ರಶ್ನೆ: ಅಕ್ಕ, ನಾನು ಮಾಚೇನಹಳ್ಳಿ ಕಡೆ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ಹೊಸ ಯೂಸರ್ ಹುಟ್ಟಿದಾಗಲೆಲ್ಲ ಮೇಲ್ ಬರೋ ಹಾಗೆ ಅಲರ್ಟ್ ಹಾಕಿದೆ. ಈಗ ದಿನಕ್ಕೆ 40 ಮೇಲ್. ಸೀನಿಯರ್‌ಗಳು ಅದನ್ನು ಬೇರೆ ಫೋಲ್ಡರ್‌ಗೆ ತಳ್ಳಿಬಿಟ್ಟಿದ್ದಾರೆ. ಯಾವ ರೂಲ್ ಬರೆದರೆ ಸರಿ?
— ಹೊಸಬಳು

ಉತ್ತರ: ತಂಗಿ, ದಾರಿಯಲ್ಲಿ ಹೋಗುವವರಿಗೆಲ್ಲ ಬೊಗಳುವ ನಾಯಿಗೆ ಮನೆಯವರು ಏಳೋದಿಲ್ಲ. ಹಾಗಂತ ನಾಯಿಯನ್ನೇ ಬಿಟ್ಟುಬಿಡೋದೂ ಅಲ್ಲ.

ಒಂದು ಮಧ್ಯಾಹ್ನ ಕೂತು, ನಿಮ್ಮಲ್ಲಿ ನಿಜವಾಗಿ ಯೂಸರ್ ಮಾಡುವವರು ಯಾರು ಅಂತ ಕಳೆದ 90 ದಿನದ ಲಾಗ್‌ನಿಂದ ಪಟ್ಟಿ ಮಾಡು. ಬಹುತೇಕ ಆಫೀಸುಗಳಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ, ಅದರಲ್ಲೂ ಒಂದು ಯಾವುದೋ ಆಟೊಮೇಷನ್ ರೋಲ್ ಆಗಿರುತ್ತದೆ. ಆ ಪಟ್ಟಿಯಲ್ಲಿಲ್ಲದವರು ಯೂಸರ್ ಮಾಡಿದರೆ ಮಾತ್ರ ನಿದ್ದೆ ಕೆಡಿಸುವ ಅಲರ್ಟ್. ಪಟ್ಟಿಯಲ್ಲಿರುವವರು ಮಾಡಿದ್ದು ದಿನಕ್ಕೊಂದು ಸಲ ಒಂದೇ ಮೇಲ್‌ನಲ್ಲಿ ಬರಲಿ, ಬೆಳಿಗ್ಗೆ ಅದನ್ನು ಎಚ್‌ಆರ್ ಕೊಟ್ಟ ಸೇರ್ಪಡೆ ಪಟ್ಟಿಯ ಪಕ್ಕ ಇಟ್ಟು ಟಿಕ್ ಹಾಕು. ಇದು ತಂತ್ರಜ್ಞಾನವೇ ಅಲ್ಲ, ಗುಮಾಸ್ತಿಕೆ. ಆದರೆ ನನ್ನ ಅನುಭವದಲ್ಲಿ ಜಾಸ್ತಿ ಸಿಕ್ಕಿಬಿದ್ದಿರೋದು ಈ ಗುಮಾಸ್ತಿಕೆಯಲ್ಲೇ. ಯಾಕೆಂದರೆ ಲಾಗ್‌ಗೆ ಯಾರು ಕೆಲಸಕ್ಕೆ ಸೇರಿದರು ಅಂತ ಗೊತ್ತಿಲ್ಲ, ಎಚ್‌ಆರ್‌ಗೆ ಯಾವ ಅಕೌಂಟ್ ಹುಟ್ಟಿತು ಅಂತ ಗೊತ್ತಿಲ್ಲ. ಎರಡನ್ನೂ ಅಕ್ಕಪಕ್ಕ ಇಡುವವಳು ನೀನೊಬ್ಬಳೇ.

ಇನ್ನು ರೂಲ್. ಒಂಟಿ ಘಟನೆ ಹಿಡಿಯಬೇಡ, ಜೋಡಿ ಹಿಡಿ. ಯೂಸರ್ ಹುಟ್ಟಿದ ಹದಿನೈದು ನಿಮಿಷದೊಳಗೆ ಅಡ್ಮಿನ್ ಪಾಲಿಸಿ, ಒಂದು ಜೋಡಿ. ಮೊದಲು 'ಆಕ್ಸೆಸ್ ಡಿನೈಡ್' ಸಾಲು ಸಾಲಾಗಿ ಬಂದು ಆಮೇಲೆ ಅದೇ ಕೀಯಿಂದ ಯೂಸರ್ ಹುಟ್ಟಿದರೆ ಇನ್ನೊಂದು, ಅದು ಕತ್ತಲಲ್ಲಿ ತಡಕಾಡುವ ಲಕ್ಷಣ. ಹುಟ್ಟಿದ ಯೂಸರ್ ಒಂದು ಗಂಟೆಯೊಳಗೆ ಡಿಲೀಟ್ ಆದರೂ ನೋಡು, ಯಾರೋ ಕೆಲಸ ಮುಗಿಸಿ ಗುರುತು ಒರೆಸಿಕೊಂಡು ಹೋಗಿರಬಹುದು. ವರ್ಷಗಟ್ಟಲೆ ಬರೀ ಕೀಯಲ್ಲಿ ಓಡುತ್ತಿದ್ದ ಯೂಸರ್‌ಗೆ ಇದ್ದಕ್ಕಿದ್ದ ಹಾಗೆ ಪಾಸ್‌ವರ್ಡ್ ಹುಟ್ಟಿದರೆ, ಅಂದರೆ 'ಕ್ರಿಯೇಟ್ ಲಾಗಿನ್ ಪ್ರೊಫೈಲ್', ಅದಕ್ಕೆ ಫೋನ್ ಗಂಟೆಯೇ ಹೊಡೆಯಲಿ. ಇದನ್ನು ಬಹಳ ಜನ ಮರೀತಾರೆ. ಹೊಸ ಯೂಸರ್‌ಗಿಂತ ಹಳೆ ಯೂಸರ್‌ನ ಬೆನ್ನ ಹಿಂದೆ ಅಡಗೋದು ಸುಲಭ ಅಲ್ವಾ, ಪಟ್ಟಿಯಲ್ಲಿ ಹೊಸ ಹೆಸರೇ ಕಾಣೋದಿಲ್ಲ. ಅದಕ್ಕೇ ಒಬ್ಬರು ಇನ್ನೊಬ್ಬರಿಗೆ ಕೀ ಮಾಡಿಕೊಟ್ಟದ್ದನ್ನೂ ಹಿಡಿ. ದಾಖಲೆಯಲ್ಲಿ ಕರೆ ಮಾಡಿದವರ ಹೆಸರು ಒಂದು ಕಡೆ, ಕೀ ಯಾರಿಗೆ ಅನ್ನೋದು ಇನ್ನೊಂದು ಕಡೆ ಇರುತ್ತದೆ. ಎರಡೂ ಬೇರೆ ಆಗಿದ್ದರೆ ಅಲರ್ಟ್. ತನಗೆ ತಾನೇ ಕೀ ಮಾಡಿಕೊಳ್ಳುವಾಗ ಹೆಸರು ಕೊಡದೆಯೂ ಮಾಡಬಹುದು, ಆಗ ಎರಡನೇ ಜಾಗ ಖಾಲಿ ಇರುತ್ತೆ, ಅದನ್ನು ನೋಡಿಕೊಂಡು ರೂಲ್ ಬರಿ.

ಈ ವಿದ್ಯೆಗೆ ಒಂದು ನಂಬರೇ ಇದೆ. ಹ್ಯಾಕರ್‌ಗಳ ತಂತ್ರಗಳಿಗೆ ನಂಬರ್ ಕೊಟ್ಟಿರುವ ಮೈಟರ್ ಸಂಸ್ಥೆಯ ಅಟ್ಯಾಕ್ ಪಟ್ಟಿಯಲ್ಲಿ ಕ್ಲೌಡ್ ಅಕೌಂಟ್ ಹುಟ್ಟಿಸುವುದು ಟಿ1136.003. ಸೀನಿಯರ್‌ಗಳ ಮುಂದೆ ಆ ನಂಬರ್ ಹೇಳು, ಮುಖ ನೋಡು.

ಅಲರ್ಟ್ ಹಾಕುವ ಜಾಗದಲ್ಲೂ ಮೊದಲ ಪ್ರಶ್ನೆಯ ಮುಂಬೈ ಎಡವಟ್ಟೇ ಕಾದಿದೆ. ಇವೆಂಟ್‌ಬ್ರಿಡ್ಜ್ (ಘಟನೆ ಆದ ಕೂಡಲೇ ಅಲರ್ಟ್ ಕಳಿಸುವ ಅಮೆಜಾನ್ ಸೇವೆ) ರೂಲ್ ಮುಂಬೈಯಲ್ಲಿ ಹಾಕಿದರೆ ಐಎಎಂ ಘಟನೆ ಅಲ್ಲಿಗೆ ಬರೋದೇ ಇಲ್ಲ. ನಾರ್ತ್ ವರ್ಜೀನಿಯಾದಲ್ಲೇ ಹಾಕು, ಕ್ಲೌಡ್‌ಟ್ರೇಲ್‌ನಲ್ಲಿ ಒಂದು ಟ್ರೇಲ್, ಅಂದರೆ ಲಾಗನ್ನು ಬಕೆಟ್‌ಗೆ ಕಳಿಸುವ ಏರ್ಪಾಡು, ಚಾಲೂ ಇರಲಿ. ಒಂದು ಟೆಸ್ಟ್ ಯೂಸರ್ ಮಾಡಿ, ಮೇಲ್ ಬಂತಾ ನೋಡಿ, ಆಮೇಲೆ ನಂಬು.

ಪ್ರಶ್ನೆ: ನಡುರಾತ್ರಿ ಅಕೌಂಟ್ ಹುಟ್ಟಿದರೆ ಅದು ಕಳ್ಳರದ್ದೇ ಅಂತ ತಿಳಿಯಬಹುದಾ?
— ಪೋಸ್ಟ್ ಕಾರ್ಡ್, ಕೊಪ್ಪ

ಉತ್ತರ: ಪೋಸ್ಟ್ ಕಾರ್ಡಿನಲ್ಲಿ ಕ್ಲೌಡ್ ಪ್ರಶ್ನೆ! ಇದನ್ನು ಫ್ರೇಮ್ ಹಾಕಿಸಿ ಇಡ್ತೀನಿ.

ತಿಳಿಯಬಾರದು. ನನ್ನದೇ ಕಥೆ ಹೇಳ್ತೀನಿ. ಶಿವಮೊಗ್ಗದಲ್ಲೇ ಒಂದು ಸಣ್ಣ ವ್ಯಾಪಾರದವರ ಕ್ಲೌಡ್ ನೋಡಿಕೊಳ್ಳುತ್ತಿದ್ದೆ. ರಾತ್ರಿ ಎರಡೂವರೆಗೆ ನನ್ನ ಫೋನ್ ಕಿರುಚಿತು. ಹೊಸ ಯೂಸರ್, ಅಡ್ಮಿನ್ ಅಧಿಕಾರ, ಐಪಿ ಅಮೆರಿಕದ್ದು. ಮಾಲೀಕರನ್ನು ಎಬ್ಬಿಸಿದೆ. ಅವರು ಗೋಪಾಳದಿಂದ ಜೋರು ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಅಂಗಡಿಗೆ ಬಂದರು, ಶಟರ್ ಎತ್ತಿದರು, ಯಾಕೆ ಅಂತ ನನಗೂ ಗೊತ್ತಿಲ್ಲ, ರೂಟರ್ ವೈರ್ ಕಿತ್ತುಹಾಕಿದರು. ನಾನು ಈ ಕಡೆಯಿಂದ ಒಂದೊಂದೇ ಸಾಲು ಓದುತ್ತಾ ಹೋದೆ. ಮೂರೂವರೆಗೆ ಗೊತ್ತಾಯ್ತು, ಅದು ನ್ಯೂಜೆರ್ಸಿಯಲ್ಲಿರುವ ಅವರ ತಂಗಿಯ ಮಗ. ಮಾವನಿಗೆ ಸಹಾಯ ಮಾಡೋಣ ಅಂತ ತನಗೊಂದು ಯೂಸರ್ ಮಾಡಿಕೊಂಡಿದ್ದ. ಅವನಿಗೆ ಆಗ ಇನ್ನೂ ಸಂಜೆ ಐದು ಗಂಟೆ.

ಮಲೆನಾಡಿನ ಅರ್ಧ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಹಾಗಾಗಿ ಹೊತ್ತು ಒಂದು ಸುಳಿವು ಅಷ್ಟೇ. ಅವತ್ತು ನಿಜವಾಗಿ ಬೆಚ್ಚಿಬೀಳಬೇಕಾಗಿದ್ದು ಬೇರೆ ವಿಷಯಕ್ಕೆ. ಆ ಯೂಸರ್‌ನನ್ನು ಮಾಡಿದವರ ಜಾಗದಲ್ಲಿ 'ರೂಟ್' ಅಂತ ಇತ್ತು. ಅಂದರೆ ಇಡೀ ಅಕೌಂಟಿನ ಯಜಮಾನಿಕೆಯ ಪಾಸ್‌ವರ್ಡನ್ನೇ ಮಾವ ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟಿದ್ದರು. ರೂಟ್‌ನಿಂದ ಯೂಸರ್ ಹುಟ್ಟಿದರೆ ಹಗಲಾಗಲಿ ರಾತ್ರಿಯಾಗಲಿ ವಿಚಾರಿಸಲೇಬೇಕು.

ಪ್ರಶ್ನೆ: ಸಹಕಾರಿ ಸಂಘದ ಕಾರ್ಯದರ್ಶಿ ನಾನು. ಮೇಲ್ ಎಲ್ಲ ಮೈಕ್ರೋಸಾಫ್ಟ್‌ನದ್ದು. ಪಕ್ಕದ ಶಾಲೆಯವರು ಗೂಗಲ್‌ನದ್ದು ಬಳಸ್ತಾರೆ. ನಮಗೂ ಈ ಆಡಿಟ್ ಲಾಗ್ ಇರುತ್ತಾ? ಎಷ್ಟು ದಿನದ್ದು ಸಿಗುತ್ತೆ?
— ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇರುತ್ತೆ. ಆದರೆ ಎಷ್ಟು ದಿನ ಇರುತ್ತೆ ಅನ್ನೋದರಲ್ಲಿ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಮೈಕ್ರೋಸಾಫ್ಟ್‌ನಲ್ಲಿ ಯೂಸರ್‌ಗಳ ಲೆಕ್ಕ ಇಡುವ ಸೇವೆ ಎಂಟ್ರಾ ಐಡಿ, ಮೊದಲು ಅಜೂರ್ ಎಡಿ ಅಂತಿತ್ತು, 2023ರಲ್ಲಿ ಹೆಸರು ಬದಲಾಯಿತು, ಅದರ ಉಚಿತ ಪ್ಲಾನ್‌ನಲ್ಲಿ ಆಡಿಟ್ ಲಾಗ್ ಬರೀ 7 ದಿನ. ದುಡ್ಡು ಕೊಟ್ಟು ಪಿ1 ಅಥವಾ ಪಿ2 ತೆಗೆದುಕೊಂಡರೆ 30 ದಿನ. ನಿಮ್ಮ ಸಂಘದ ಸಭೆ ತಿಂಗಳಿಗೊಮ್ಮೆ ಅಂತ ಇಟ್ಟುಕೊಳ್ಳಿ. ಸಭೆಯಲ್ಲಿ ಯಾರೋ "ಇದು ಯಾರ ಅಕೌಂಟು?" ಅಂತ ಕೇಳುವ ಹೊತ್ತಿಗೆ ಲಾಗ್ ಹೋಗಿಯೇ ಬಿಟ್ಟಿರುತ್ತದೆ. ಶಾಲೆಯವರ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಡ್ಮಿನ್ ಲಾಗ್ 6 ತಿಂಗಳು. ಗೂಗಲ್ ಕ್ಲೌಡ್ ಇನ್ನೂ ವಾಸಿ, ಅಡ್ಮಿನ್ ಆಕ್ಟಿವಿಟಿ ಲಾಗ್ 400 ದಿನ ಇರುತ್ತೆ, ಆಫ್ ಮಾಡೋಕೂ ಬರೋದಿಲ್ಲ. ಅಮೆಜಾನ್‌ನಲ್ಲಿ ಏನೂ ಮಾಡದಿದ್ದರೆ 90 ದಿನ. ನಾನು ಮೇಲೆ ಹೇಳಿದ 2022ರ ನಿರ್ದೇಶನದಲ್ಲಿ ಕೇಳಿರೋದು 180 ದಿನ. ವ್ಯತ್ಯಾಸ ನೀವೇ ತುಂಬಿಕೊಳ್ಳಬೇಕು, ಅಂದರೆ ಲಾಗನ್ನು ಬೇರೆ ಕಡೆ ಪ್ರತಿ ಮಾಡಿ ಇಟ್ಟುಕೊಳ್ಳಬೇಕು.

ಮೈಕ್ರೋಸಾಫ್ಟ್‌ನಲ್ಲಿ ನಿಮಗೆ ಒಂದು ವಿಶೇಷ ಎಚ್ಚರಿಕೆ. 'ಆ್ಯಡ್ ಯೂಸರ್' ಮಾತ್ರ ನೋಡಬೇಡಿ, 'ಇನ್ವೈಟ್ ಎಕ್ಸ್‌ಟರ್ನಲ್ ಯೂಸರ್' ಕೂಡ ನೋಡಿ. ಅಲ್ಲಿ ಅಡ್ಮಿನ್ ಅಲ್ಲದವರೂ ಹೊರಗಿನವರನ್ನು ಅತಿಥಿಯಾಗಿ ಕರೆಯಬಹುದು, ಸೆಟ್ಟಿಂಗ್ ಹಾಗೆಯೇ ಇದ್ದು ಬರುತ್ತದೆ, ಬದಲಿಸಿದರೆ ಮಾತ್ರ ನಿಲ್ಲುತ್ತದೆ. ಅತಿಥಿಯ ಹೆಸರಿನ ಮಧ್ಯೆ ಹ್ಯಾಶ್ ಗುರುತುಗಳ ನಡುವೆ ಇಎಕ್ಸ್‌ಟಿ ಅಂತ ಇರುತ್ತೆ, ಗುರುತು ಹಿಡಿಯೋದು ಸುಲಭ. ಅತಿಥಿಗಳು ಬಂದು ಹೋಗಲಿ, ಬೇಡ ಅನ್ನಲ್ಲ. ಆದರೆ ಅತಿಥಿಯಾಗಿ ಬಂದವರು 'ಆ್ಯಡ್ ಮೆಂಬರ್ ಟು ರೋಲ್' ಅಂತ ಯಜಮಾನರ ಕುರ್ಚಿಯಲ್ಲಿ ಕೂತದ್ದು ಕಂಡರೆ ಅವತ್ತೇ ಕೇಳಿ.

ಪ್ರಶ್ನೆ: ಒಳಗೆ ಬಂದವನು ಲಾಗನ್ನೇ ಅಳಿಸಿಬಿಟ್ಟರೆ?
— ಶೃಂಗೇರಿಯಿಂದ ಒಬ್ಬರು

ಉತ್ತರ: ಅಳಿಸೋಕೆ ನೋಡುತ್ತಾನೆ. ಅಮೆಜಾನ್‌ನಲ್ಲಿ ಆ 90 ದಿನದ ಇವೆಂಟ್ ಹಿಸ್ಟರಿಯನ್ನು ಯಾವ ಯೂಸರ್‌ಗೂ ಅಳಿಸೋಕೆ ಆಗಲ್ಲ, ಅದು ನಿಶ್ಚಿಂತೆ. ಆದರೆ ನೀವು ಬಕೆಟ್‌ಗೆ ಕಳಿಸಿ ಇಟ್ಟುಕೊಳ್ಳುವ ಟ್ರೇಲ್ ಇದೆಯಲ್ಲ, ಅದನ್ನು ನಿಲ್ಲಿಸಬಹುದು, ಬಕೆಟ್ಟಿನ ಫೈಲ್ ಅಳಿಸಬಹುದು. ಮಜಾ ಏನೆಂದರೆ ನಿಲ್ಲಿಸಿದ್ದೂ ದಾಖಲಾಗುತ್ತದೆ. 'ಸ್ಟಾಪ್ ಲಾಗಿಂಗ್', 'ಡಿಲೀಟ್ ಟ್ರೇಲ್' ಈ ಎರಡು ಹೆಸರಿಗೆ ಅಲರ್ಟ್ ಇಡಿ, ಸುಳ್ಳು ಗಾಬರಿ ಬರೋದು ಬಹಳ ಕಡಿಮೆ. ಬಕೆಟ್ಟನ್ನು ಬೇರೆಯೇ ಅಕೌಂಟಿನಲ್ಲಿಡಿ. ಮನೆಯ ಬೀಗದ ಕೈಯನ್ನು ಮನೆಯೊಳಗಿನ ಮೊಳೆಗೇ ನೇತುಹಾಕಿದರೆ ಏನು ಬಂತು?

ಪ್ರಶ್ನೆ: ಅಮೆರಿಕ, ರಷ್ಯಾದ ಹ್ಯಾಕರ್‌ಗಳಿಗೆ ಶಿವಮೊಗ್ಗದ ಐದು ಜನರ ಆಫೀಸು ಯಾಕೆ ಬೇಕು ಅಂತ ನಮ್ಮ ಯಜಮಾನರ ವಾದ. ಏನು ಹೇಳಲಿ?
— ದುರ್ಗಿಗುಡಿ

ಉತ್ತರ: ಅವರಿಗೆ ಶಿವಮೊಗ್ಗ ಬೇಕಿಲ್ಲ. ಎಲ್ಲಿದೆ ಅಂತಲೂ ಗೊತ್ತಿಲ್ಲ. ಹುಡುಕುವುದು ಮನುಷ್ಯರೇ ಅಲ್ಲ, ಪ್ರೋಗ್ರಾಂಗಳು. ಗಿಟ್‌ಹಬ್‌ನಂಥ ಕೋಡ್ ಹಂಚಿಕೊಳ್ಳುವ ಕಡೆ ಎಲ್ಲರಿಗೂ ಕಾಣುವ ಹಾಗೆ ಯಾರಾದರೂ ಕೀ ಬಿಟ್ಟರೆ ನಿಮಿಷಗಳಲ್ಲಿ ಹೆಕ್ಕಿಕೊಳ್ಳುತ್ತವೆ. ಅವಕ್ಕೆ ಬೇಕಾದದ್ದು ನಿಮ್ಮ ಗುಟ್ಟಲ್ಲ, ನಿಮ್ಮ ಕ್ರೆಡಿಟ್ ಕಾರ್ಡ್ ಮೇಲೆ ಓಡುವ ಮೆಷಿನ್. ಅಮೆಜಾನ್‌ನವರೂ ಅದನ್ನು ಹುಡುಕುತ್ತಲೇ ಇರುತ್ತಾರೆ. ಬಯಲಾದ ಕೀ ಕಂಡರೆ ಆ ಯೂಸರ್ ಮೇಲೆ 'ಕಾಂಪ್ರಮೈಸ್ಡ್ ಕೀ ಕ್ವಾರಂಟೈನ್' ಅಂತ ಒಂದು ಪಾಲಿಸಿ ತಾವೇ ಅಂಟಿಸಿ ನಿಮಗೆ ಮೇಲ್ ಹಾಕುತ್ತಾರೆ. ನೀವು ಹಾಕದ ಆ ಪಾಲಿಸಿ ನಿಮ್ಮ ಯೂಸರ್ ಮೇಲೆ ಕಂಡರೆ "ಇದ್ಯಾವುದೋ ತೊಂದರೆ ಕೊಡ್ತಿದೆ" ಅಂತ ಕಿತ್ತುಹಾಕಬೇಡಿ, ಕೀ ಬದಲಿಸಿ. ಕಿತ್ತುಹಾಕಿದವರಿದ್ದಾರೆ, ಅದಕ್ಕೇ ಹೇಳಿದೆ. ಮೇಲ್ ಹೋಗೋದು ಅಕೌಂಟ್ ತೆರೆದಾಗ ಕೊಟ್ಟ ವಿಳಾಸಕ್ಕೆ. ಅದು ಬಹಳ ಕಡೆ ಕೆಲಸ ಬಿಟ್ಟು ಹೋದವರ ಹೆಸರಲ್ಲಿರುತ್ತೆ. ಯಜಮಾನರಿಗೆ ವಾದ ಬೇಡ, ಆ ವಿಳಾಸ ಯಾರದ್ದು ಅಂತ ಒಮ್ಮೆ ತೆಗೆದು ತೋರಿಸಿ.

ಅಂದಹಾಗೆ, ಪುಟ ಕಟ್ಟುವ ಹೊತ್ತಿಗೆ ವಿನೋಬನಗರದವರು ಮತ್ತೆ ಫೋನ್ ಮಾಡಿದ್ದರು. ಡಿಪ್ಲಾಯ್ ಕೀ ಬಯಲಾದದ್ದು ಹಿಂದೆ ಟ್ರೈನಿಂಗ್‌ಗೆ ಬಂದಿದ್ದ ಒಬ್ಬರು ಗಿಟ್‌ಹಬ್‌ಗೆ ಹಾಕಿದ ಕೋಡ್‌ನಿಂದ. ಎಲ್ಲ ರೀಜನ್ ನೋಡಿದರು, ಮೆಷಿನ್ ಎಲ್ಲೂ ಎದ್ದಿರಲಿಲ್ಲ, ಹೊಸ ಯೂಸರ್ ಬೇರೆ ಯಾರೂ ಇರಲಿಲ್ಲ. ಆದರೆ ಬಾಸ್‌ನ ಸ್ವಂತ ಯೂಸರ್‌ಗೆ ಎರಡು ಕೀ ಇದ್ದವು. ಒಬ್ಬರಿಗೆ ಎರಡರ ತನಕ ಇರಬಹುದು, ಅದು ನಿಯಮವೇ. ಎರಡನೆಯದು ಹುಟ್ಟಿದ್ದು ಅದೇ ಸೋಮವಾರ ಬೆಳಗಿನ ಜಾವ 2:26ಕ್ಕೆ.